ಪಿಯುಸಿಯಲ್ಲಿ ಯಾವ ಗಣಿತ? ಮಲೆನಾಡಿನ ಮಕ್ಕಳಿಗೆ, ಮನೆಯವರಿಗೆ ಒಂದು ಹೋಲಿಕೆ

ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂತೆಂದರೆ ತೀರ್ಥಹಳ್ಳಿಯಿಂದ ಸೊರಬದವರೆಗೆ ಎಲ್ಲ ಮನೆಗಳಲ್ಲೂ ಅದೇ ಚರ್ಚೆ. ಸೈನ್ಸಾ, ಕಾಮರ್ಸಾ? ಗಣಿತ ಇಟ್ಟುಕೊಳ್ಳೋದಾ, ಬಿಡೋದಾ? ಪಕ್ಕದ ಮನೆಯವರು ಒಂದು ಹೇಳುತ್ತಾರೆ, ಬೆಂಗಳೂರಿನಲ್ಲಿರುವ ಮಾವ ಇನ್ನೊಂದು ಹೇಳುತ್ತಾರೆ. ಓದಬೇಕಾದ ಮಗುವನ್ನು ಕೇಳುವುದು ಎಲ್ಲರಿಗಿಂತ ಕೊನೆಗೆ.

ನಾನು ಶಿವಮೊಗ್ಗ ಜಿಲ್ಲೆಯಲ್ಲಿ ಪಿಯು ಮಕ್ಕಳಿಗೆ ಗಣಿತ ಪಾಠ ಮಾಡುತ್ತೇನೆ. ಮೇ ತಿಂಗಳಲ್ಲಿ ಅಪ್ಪ ಅಮ್ಮಂದಿರು ಬಂದು ಕೇಳುವುದು ಒಂದೇ: "ಇವಳಿಗೆ ಗಣಿತ ಆಗುತ್ತಾ ಸರ್?" ಆಗುತ್ತದೆ, ಆಗುವುದಿಲ್ಲ ಎಂದು ಒಂದೇ ಮಾತಲ್ಲಿ ಹೇಳಲು ಬರುವುದಿಲ್ಲ. ಯಾಕೆಂದರೆ ಹತ್ತನೇ ತರಗತಿ ಆದ ಮೇಲೆ ಗಣಿತ ಒಂದೇ ಆಗಿ ಉಳಿಯುವುದಿಲ್ಲ. ಸೈನ್ಸ್‌ನವರ ಗಣಿತ ಬೇರೆ. ಕಾಮರ್ಸ್‌ನವರ ಬೇಸಿಕ್ ಮ್ಯಾಥ್ಸ್ ಬೇರೆ. ಸ್ಟಾಟಿಸ್ಟಿಕ್ಸ್ ಬೇರೆ. ಸಿಬಿಎಸ್‌ಇಯಲ್ಲಿ ಅಪ್ಲೈಡ್ ಮ್ಯಾಥ್ಸ್ ಅಂತ ಇನ್ನೊಂದಿದೆ. ಡಿಪ್ಲೊಮಾಕ್ಕೆ ಹೋದವರಿಗೆ ಮತ್ತೊಂದು. ಹಾಗಾಗಿ ಯಾವ ಗಣಿತ ಎಂದು ಮೊದಲು ಕೇಳಬೇಕು.

ಆಯ್ಕೆ ಮಾಡುವಾಗ ಜನ ನೋಡುವುದು ಎರಡು: ಎಸ್‌ಎಸ್‌ಎಲ್‌ಸಿ ಗಣಿತದ ಮಾರ್ಕ್ಸ್ ಮತ್ತು ಮುಂದಿನ ಸ್ಕೋಪ್. ನಾನು ಅದಕ್ಕಿಂತ ಮೊದಲು ನೋಡುವುದು ಹೊತ್ತು. ಈ ಮಗುವಿನ ದಿನದಲ್ಲಿ ಗಣಿತಕ್ಕೆ ಎಷ್ಟು ಹೊತ್ತು ಸಿಗುತ್ತದೆ? ಸಿಕ್ಕ ಹೊತ್ತಿನಲ್ಲಿ ಅದು ತಾನಾಗಿ ಪುಸ್ತಕ ತೆಗೆಯುತ್ತದಾ? ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ. ಕೆಳಗೆ ಬರೆದದ್ದನ್ನೂ ಈ ಲೆಕ್ಕ ಇಟ್ಟುಕೊಂಡೇ ಓದಿ.

ಹತ್ತನೇ ತರಗತಿಯಲ್ಲಿ ಮಾಡಿದ್ದು, ಪಿಯುನಲ್ಲಿ ಮಾಡುವುದು

ಹತ್ತರಲ್ಲಿ ಗಣಿತಕ್ಕೆ ತೊಂಬತ್ತು ದಾಟಿ ಬಂದ ಮಕ್ಕಳು ಮೊದಲ ಪಿಯುಸಿಯ ಮೊದಲ ಟೆಸ್ಟ್‌ನಲ್ಲಿ ಕುಸಿಯುವುದನ್ನು ಪ್ರತಿ ವರ್ಷ ನೋಡುತ್ತೇನೆ. ಮಕ್ಕಳು ದಡ್ಡರಾದದ್ದಲ್ಲ. ಕೇಳುವ ಪ್ರಶ್ನೆಯ ಜಾತಿಯೇ ಬದಲಾಗಿರುತ್ತದೆ. ಒಂದು ಉದಾಹರಣೆ ಕೊಡುತ್ತೇನೆ.

ಅಡಿಕೆ ಒಣಗಿಸುವ ಅಂಗಳಕ್ಕೆ ದನ, ಕೋಳಿ ಬರದ ಹಾಗೆ ನೆಟ್ ಕಟ್ಟಬೇಕು. ಒಂದು ಕಡೆ ಮನೆಯ ಗೋಡೆ ಇದೆ, ಅಲ್ಲಿ ನೆಟ್ ಬೇಡ. ಉಳಿದ ಮೂರು ಬದಿಗೆ 40 ಮೀಟರ್ ನೆಟ್ ಇದೆ. ಗೋಡೆಯಿಂದ ಹೊರಗೆ ಬರುವ ಬದಿ ಎಕ್ಸ್ ಮೀಟರ್ ಇರಲಿ. ಅಂಥವು ಎರಡು ಬದಿ. ಆಗ ಗೋಡೆಯ ಎದುರಿನ ಬದಿ 40ರಲ್ಲಿ ಎರಡು ಎಕ್ಸ್ ಕಳೆದಷ್ಟು.

ಹತ್ತನೇ ತರಗತಿ ಕೇಳುವುದು ಹೀಗೆ: ಅಂಗಳದ ವಿಸ್ತೀರ್ಣ 150 ಚದರ ಮೀಟರ್ ಆಗಬೇಕಾದರೆ ಬದಿಗಳು ಎಷ್ಟು? ವರ್ಗ ಸಮೀಕರಣ ಬರೆದರೆ ಎಕ್ಸ್‌ಗೆ 5 ಅಥವಾ 15 ಬರುತ್ತದೆ. 5 ಆದರೆ ಅಂಗಳ 5ಕ್ಕೆ 30. 15 ಆದರೆ 15ಕ್ಕೆ 10. ಎರಡೂ ಸರಿ. ಸೂತ್ರ ಗೊತ್ತಿದ್ದರೆ ಮುಗಿಯಿತು.

ಪಿಯು ಗಣಿತ ಕೇಳುವುದು ಬೇರೆ: ಇದೇ 40 ಮೀಟರ್ ನೆಟ್‌ನಲ್ಲಿ ಅತಿ ದೊಡ್ಡ ಅಂಗಳ ಎಷ್ಟು ದೊಡ್ಡದು? ಇಲ್ಲಿ ಬಿಡಿಸಲು ಸಮೀಕರಣ ಕೊಟ್ಟಿಲ್ಲ. ಎಕ್ಸ್ ಸ್ವಲ್ಪ ಸ್ವಲ್ಪ ಬದಲಾದಂತೆ ವಿಸ್ತೀರ್ಣ ಹೇಗೆ ಬದಲಾಗುತ್ತದೆ ಎಂದು ಯೋಚಿಸಬೇಕು. ಏರುತ್ತಾ ಹೋಗಿ ಇಳಿಯಲು ಶುರುವಾಗುವ ಜಾಗದಲ್ಲಿ ಏರಿಕೆ ಸೊನ್ನೆ. ಡಿಫರೆನ್ಷಿಯೇಟ್ ಮಾಡಿದರೆ, ಅಂದರೆ ಬದಲಾವಣೆಯ ದರ ಕಂಡುಹಿಡಿದರೆ, 40ರಲ್ಲಿ ನಾಲ್ಕು ಎಕ್ಸ್ ಕಳೆದಷ್ಟು ಸಿಗುತ್ತದೆ. ಅದು ಸೊನ್ನೆಯಾಗುವುದು ಎಕ್ಸ್ 10 ಆದಾಗ. ಅಂಗಳ 10ಕ್ಕೆ 20, ಅಂದರೆ 200 ಚದರ ಮೀಟರ್. ಅಷ್ಟಕ್ಕೇ ಬಿಡುವ ಹಾಗಿಲ್ಲ. ಇದು ಅತಿ ದೊಡ್ಡದೇ, ಅತಿ ಚಿಕ್ಕದಲ್ಲ ಎಂದು ತೋರಿಸಬೇಕು. ಎರಡನೇ ಸಲ ಡಿಫರೆನ್ಷಿಯೇಟ್ ಮಾಡಿದಾಗ ಮೈನಸ್ 4 ಬರುತ್ತದೆ, ಹಾಗಾಗಿ ಅತಿ ದೊಡ್ಡದೇ ಎಂದು ಬರೆಯಬೇಕು.

ಇದನ್ನು ಓದಿ ನಿಮ್ಮ ಮಗ "ಅದ್ಯಾಕೆ ಸೊನ್ನೆ ಆಗುತ್ತೆ?" ಎಂದು ಕೇಳಿದರೆ ಪಿಯು ಗಣಿತಕ್ಕೆ ಸೇರಿಸಲು ಹೆದರಬೇಡಿ. "ಸೂತ್ರ ಹೇಳಿ, ಹಾಕ್ತೀನಿ" ಎಂದರೂ ಬಾಗಿಲು ಮುಚ್ಚಿಲ್ಲ. ಆದರೆ ಮೊದಲ ಆರು ತಿಂಗಳು ಕಷ್ಟ ಇರುತ್ತದೆ. ಅದಕ್ಕೆ ಮನೆಯವರೂ ತಯಾರಿರಬೇಕು.

ಇದೇ ಅಂಗಳವನ್ನು ಬೇಸಿಕ್ ಮ್ಯಾಥ್ಸ್‌ಗೆ ಕೊಟ್ಟರೆ ನೆಟ್‌ನ ಖರ್ಚು, ಒಣಗಿದ ಅಡಿಕೆಯಿಂದ ಬರುವ ಆದಾಯ, ಇನ್ನೊಂದು ಮೀಟರ್ ಜಾಸ್ತಿ ಮಾಡಿದರೆ ಎಷ್ಟು ಲಾಭ ಎಂದು ಕೇಳುತ್ತದೆ. ಸ್ಟಾಟಿಸ್ಟಿಕ್ಸ್ ಅಂಗಳವನ್ನು ಬಿಟ್ಟು ಹತ್ತು ವರ್ಷದ ಫಸಲಿನ ಲೆಕ್ಕ ಕೇಳುತ್ತದೆ: ಬೆಳೆ ಏರುತ್ತಿದೆಯಾ, ಇಳಿಯುತ್ತಿದೆಯಾ, ಮುಂದಿನ ವರ್ಷ ಎಷ್ಟು ನಿರೀಕ್ಷಿಸಬಹುದು? ಮೂರೂ ನಿಜವಾದ ಗಣಿತವೇ. ಒಂದು ಮೇಲು, ಒಂದು ಕೀಳು ಅಂತಿಲ್ಲ.

ಸೈನ್ಸ್‌ನಲ್ಲಿ: ಪಿಸಿಎಂಬಿ, ಪಿಸಿಎಂಸಿ ಮತ್ತು ಉಳಿದವು

ಕಾಂಬಿನೇಷನ್ ಯಾವುದೇ ಇರಲಿ, ಸೈನ್ಸ್‌ನ ಗಣಿತ ಪೇಪರ್ ಎಲ್ಲರಿಗೂ ಒಂದೇ. ಎನ್‌ಸಿಇಆರ್‌ಟಿ ಪಠ್ಯವೇ ನಮ್ಮಲ್ಲೂ ಇದೆ. ಮೊದಲ ವರ್ಷ ಸೆಟ್ಸ್, ಟ್ರಿಗ್ನಾಮೆಟ್ರಿ, ಸರಳರೇಖೆ, ಕೋನಿಕ್ಸ್, ಲಿಮಿಟ್ಸ್ ಮುಂತಾದವು. ಎರಡನೇ ವರ್ಷ 13 ಅಧ್ಯಾಯ. ಅದರಲ್ಲಿ ಡಿಫರೆನ್ಷಿಯೇಷನ್ ಮತ್ತು ಇಂಟಿಗ್ರೇಷನ್ ಸುತ್ತಲಿನದೇ ಹೆಚ್ಚು ಭಾರ. ಪರೀಕ್ಷೆ 80 ಅಂಕಕ್ಕೆ, ಉಳಿದ 20 ಕಾಲೇಜಿನ ಆಂತರಿಕ ಅಂಕ. ಹಾಗಾಗಿ ಫಿಸಿಕ್ಸ್, ಕೆಮಿಸ್ಟ್ರಿ, ಮ್ಯಾಥ್ಸ್ (ಪಿಸಿಎಂ) ಜೊತೆಗೆ ಆರಿಸಬೇಕಾದದ್ದು ನಾಲ್ಕನೇ ವಿಷಯ. ಆ ನಾಲ್ಕನೆಯದು ಗಣಿತದ ಹೊತ್ತನ್ನು ಎಷ್ಟು ತಿನ್ನುತ್ತದೆ ಅನ್ನುವುದೇ ಮುಖ್ಯ.

ಪಿಸಿಎಂಬಿ, ಅಂದರೆ ಬಯಾಲಜಿ ಜೊತೆಗಿನದು, ನಮ್ಮ ಜಿಲ್ಲೆಯಲ್ಲಿ ಎಲ್ಲರಿಗೂ ಮೊದಲು ನೆನಪಾಗುವ ಕಾಂಬಿನೇಷನ್. "ಎರಡೂ ಕಡೆ ಬಾಗಿಲು ತೆರೆದಿರುತ್ತೆ" ಎನ್ನುತ್ತಾರೆ. ನಿಜ. ಡಾಕ್ಟರ್ ಕಡೆಗೂ ಹೋಗಬಹುದು, ಇಂಜಿನಿಯರಿಂಗ್ ಕಡೆಗೂ ಹೋಗಬಹುದು. ಕೃಷಿ, ತೋಟಗಾರಿಕೆ ಪದವಿಗೂ ಬಯಾಲಜಿ ಬೇಕು. ಸಾಗರದ ಇರುವಕ್ಕಿಯಲ್ಲಿರುವ ಕೆಳದಿ ಶಿವಪ್ಪ ನಾಯಕ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವನ್ನು ಕಣ್ಣಮುಂದೆ ಇಟ್ಟುಕೊಂಡ ತೋಟದ ಮನೆಯ ಮಕ್ಕಳಿಗೆ ಇದೇ ಸರಿ. ಕೃಷಿಕರ ಮಕ್ಕಳಿಗೆ ಅಲ್ಲಿ ಪ್ರತ್ಯೇಕ ಮೀಸಲಾತಿಯಿದೆ, ಅದಕ್ಕೊಂದು ಪ್ರಾಯೋಗಿಕ ಪರೀಕ್ಷೆಯಿದೆ. ಬೀಜ, ಗೊಬ್ಬರ, ಕೃಷಿ ಉಪಕರಣ ಗುರುತಿಸುವ ಪರೀಕ್ಷೆ ಅದು. ಗದ್ದೆ ತೋಟದಲ್ಲಿ ಓಡಾಡಿದ ಮಗುವಿಗೆ ಅನುಕೂಲ.

ಆದರೆ ಬಾಗಿಲು ತೆರೆದಿಡಲೂ ಖರ್ಚಿದೆ. ಡಾಕ್ಟರ್ ಓದಿಗೆ ಬರೆಯುವ ಪ್ರವೇಶ ಪರೀಕ್ಷೆ ನೀಟ್‌ನಲ್ಲಿ ಗಣಿತ ಇಲ್ಲವೇ ಇಲ್ಲ. 720 ಅಂಕದಲ್ಲಿ 360 ಬಯಾಲಜಿಗೆ. ಡಾಕ್ಟರ್ ಆಗಲೇಬೇಕು ಎಂದು ಹೊರಟ ಮಗು ಗಣಿತಕ್ಕೆ ಕೊಡುವ ಒಂದೊಂದು ಗಂಟೆಯೂ ನೀಟ್‌ನಿಂದ ಕಳೆದ ಗಂಟೆ. ಇಂಜಿನಿಯರಿಂಗ್ ಕಡೆ ಮನಸ್ಸಿರುವ ಮಗು ಬಯಾಲಜಿ ರೆಕಾರ್ಡ್ ಬರೆಯುತ್ತಾ ಕೂತ ಸಂಜೆಗಳಲ್ಲಿ ಇಂಟಿಗ್ರೇಷನ್ ಬಾಕಿ ಉಳಿಯುತ್ತದೆ. ನನ್ನ ತರಗತಿಯಲ್ಲಿ ಗಣಿತ ಅರ್ಧಕ್ಕೆ ನಿಂತವರು ಹೆಚ್ಚಾಗಿ ಪಿಸಿಎಂಬಿಯವರೇ. ಬುದ್ಧಿ ಇತ್ತು, ಹೊತ್ತು ಸಾಕಾಗಲಿಲ್ಲ.

ಅದಕ್ಕೇ ನನ್ನ ಮಾತು: ಹತ್ತನೇ ತರಗತಿ ಮುಗಿಯುವಾಗಲೇ ಮಗುವಿಗೆ ಜೀವಶಾಸ್ತ್ರ ಬೇಡ ಎಂದು ಸ್ಪಷ್ಟವಿದ್ದರೆ, ಮನೆಯವರ ಸಮಾಧಾನಕ್ಕೆ ಪಿಸಿಎಂಬಿ ಹಾಕಬೇಡಿ. ಕಪ್ಪೆಯ ಚಿತ್ರ ಬಿಡಿಸಲು ಬೇಸರಪಡುವವಳು ಎರಡು ವರ್ಷ ಬಯಾಲಜಿ ಓದಿ ನೀಟ್ ಬರೆಯುವುದಿಲ್ಲ. ಬರೆದರೂ ಸೀಟು ಸಿಗುವ ರ್‍ಯಾಂಕ್ ಬರುವುದು ಕಷ್ಟ.

ಪಿಸಿಎಂಸಿ, ಅಂದರೆ ಕಂಪ್ಯೂಟರ್ ಸೈನ್ಸ್ ಜೊತೆಗಿನದು, ಇಂಜಿನಿಯರಿಂಗ್ ಕಡೆಗೆ ಹೋಗುವವರಿಗೆ ನಾನು ಮೊದಲು ಹೇಳುವ ಕಾಂಬಿನೇಷನ್. ಇದರಲ್ಲೂ ಲ್ಯಾಬ್ ಇದೆ, ರೆಕಾರ್ಡ್ ಇದೆ. ಆದರೆ ಓದಿನ ರೀತಿ ಗಣಿತಕ್ಕೆ ಹತ್ತಿರ. ಪ್ರೋಗ್ರಾಮ್ ಬರೆಯುವಾಗ ಹಂತ ಹಂತವಾಗಿ ಯೋಚಿಸುವ ಅಭ್ಯಾಸ ಗಣಿತದಲ್ಲೂ ಕೆಲಸಕ್ಕೆ ಬರುತ್ತದೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲ ಎಂದು ಹಿಂಜರಿಯಬೇಡಿ. ಕಾಲೇಜಿನ ಲ್ಯಾಬ್ ಸರಿಯಾಗಿ ನಡೆಯುತ್ತದಾ ಎಂದು ಮಾತ್ರ ವಿಚಾರಿಸಿ.

ಪಿಸಿಎಂಎಸ್, ಸ್ಟಾಟಿಸ್ಟಿಕ್ಸ್ ಜೊತೆಗಿನದು, ಎಲ್ಲ ಕಾಲೇಜಿನಲ್ಲಿ ಇಲ್ಲ. ಸಿಕ್ಕರೆ, ಗಣಿತವನ್ನೇ ಇಷ್ಟಪಡುವ ಮಗುವಿಗೆ ಒಳ್ಳೆಯದು. ಪಿಸಿಎಂಇ ಎಲೆಕ್ಟ್ರಾನಿಕ್ಸ್‌ನವರಿಗೆ, ಫಿಸಿಕ್ಸ್ ಇಷ್ಟ ಇದ್ದರೆ ನೋಡಬಹುದು.

ರಾಜ್ಯದ ಪ್ರವೇಶ ಪರೀಕ್ಷೆ ಸಿಇಟಿಯ ಲೆಕ್ಕವನ್ನೂ ತಿಳಿದುಕೊಂಡಿರಿ. ಇಂಜಿನಿಯರಿಂಗ್ ರ್‍ಯಾಂಕ್‌ಗೆ ಅರ್ಧ ತೂಕ ಸಿಇಟಿಗೆ, ಅರ್ಧ ತೂಕ ಎರಡನೇ ಪಿಯುಸಿಯ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತದ ಅಂಕಕ್ಕೆ. ಸಿಇಟಿ ಗಣಿತದಲ್ಲಿ 60 ಪ್ರಶ್ನೆ, 80 ನಿಮಿಷ. ಒಂದು ಪ್ರಶ್ನೆಗೆ 80 ಸೆಕೆಂಡ್. ತಪ್ಪಿಗೆ ಅಂಕ ಕಳೆಯುವುದಿಲ್ಲ. ಬೋರ್ಡ್ ಪರೀಕ್ಷೆಯಲ್ಲಿ ಪ್ರತಿ ಹಂತಕ್ಕೂ ಅಂಕ, ಸಿಇಟಿಯಲ್ಲಿ ಉತ್ತರಕ್ಕೆ ಮಾತ್ರ. ಎರಡಕ್ಕೂ ಬೇರೆ ಬೇರೆ ಅಭ್ಯಾಸ ಬೇಕು. ಮೊದಲ ಪಿಯುಸಿಯ ಪಾಠವೂ ಸಿಇಟಿಗೆ ಬರುತ್ತದೆ. ಮೊದಲ ವರ್ಷ ಹೇಗೋ ಪಾಸಾದರಾಯಿತು ಎನ್ನುವವರು ಅಲ್ಲಿ ಸಿಕ್ಕಿಬೀಳುತ್ತಾರೆ. ರಾಷ್ಟ್ರಮಟ್ಟದ ಇಂಜಿನಿಯರಿಂಗ್ ಪ್ರವೇಶ ಪರೀಕ್ಷೆ ಜೆಇಇ ಮೇನ್ ಇನ್ನೂ ಬೇರೆ. ಅಲ್ಲಿ ತಪ್ಪಿಗೆ ಒಂದು ಅಂಕ ಹೋಗುತ್ತದೆ, ಮೊದಲ ಸುತ್ತು ಜನವರಿಯಲ್ಲೇ ಬರುತ್ತದೆ. ಆಗ ನಮ್ಮ ಕಡೆ ಅಡಿಕೆ ಕೊನೆ ಕೊಯ್ಲಿನ ಕಾಲ. ಮನೆಯಲ್ಲಿ ಸುಲಿಯಲು ಕೈ ಬೇಕು ಎಂದು ಮಗುವನ್ನು ಕರೆದರೆ ಜೆಇಇ ಆಸೆ ಇಟ್ಟುಕೊಳ್ಳಬೇಡಿ.

ಇನ್ನೊಂದು ವಿಷಯ ಮಲೆನಾಡಿನವರು ಮರೆಯಲೇಬಾರದು. ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ಸಿಇಟಿಯಲ್ಲಿ 15 ಶೇಕಡಾ ಗ್ರಾಮೀಣ ಮೀಸಲಾತಿ ಇದೆ. ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ 5 ಶೇಕಡಾ ಇದೆ. ಶಾಲೆಯಿಂದ ಹತ್ತೂ ವರ್ಷದ ವ್ಯಾಸಂಗ ಪ್ರಮಾಣ ಪತ್ರ ತೆಗೆದು, ಬಿಇಒ ಕಚೇರಿಯ ಸಹಿ ಹಾಕಿಸಿ ಇಟ್ಟುಕೊಳ್ಳಿ. ನಡುವೆ ಶಾಲೆ ಬದಲಿಸಿದ್ದರೆ ಎರಡೂ ಶಾಲೆಯದು ಬೇಕು. ಕೊನೆ ಗಳಿಗೆಯಲ್ಲಿ ಓಡಾಡುವುದಕ್ಕಿಂತ ಈಗಲೇ ಮಾಡಿಸಿದರೆ ನೆಮ್ಮದಿ.

ಕಾಮರ್ಸ್‌ಗೆ ಹೋಗುವವರಿಗೆ: ಬೇಸಿಕ್ ಮ್ಯಾಥ್ಸ್, ಸ್ಟಾಟಿಸ್ಟಿಕ್ಸ್

"ಗಣಿತ ಕಷ್ಟ, ಕಾಮರ್ಸ್ ಹಾಕಿ" ಎನ್ನುವ ಮಾತು ನನಗೆ ನೋವು ಕೊಡುತ್ತದೆ. ಕಾಮರ್ಸ್ ಗಣಿತ ಬಾರದವರು ಹೋಗುವ ಜಾಗ ಅಲ್ಲ. ಚಾರ್ಟರ್ಡ್ ಅಕೌಂಟೆಂಟ್ ಆಗಲು ಬರೆಯುವ ಮೊದಲ ಪರೀಕ್ಷೆ ಸಿಎ ಫೌಂಡೇಷನ್‌ನ ನಾಲ್ಕು ಪೇಪರ್‌ಗಳಲ್ಲಿ ಒಂದು ಪೂರ್ತಿ ಗಣಿತ, ಲಾಜಿಕ್ ಮತ್ತು ಸ್ಟಾಟಿಸ್ಟಿಕ್ಸ್‌ನದು. 100 ಅಂಕ, ತಪ್ಪಿಗೆ ಕಾಲು ಅಂಕ ಕಳೆಯುತ್ತಾರೆ. ಪಿಯುನಲ್ಲಿ ಗಣಿತ ಪೂರ್ತಿ ಬಿಟ್ಟು ಬಂದ ಮಕ್ಕಳು ಈ ಪೇಪರ್‌ನಲ್ಲಿ ಒದ್ದಾಡುತ್ತಾರೆ.

ಬೇಸಿಕ್ ಮ್ಯಾಥ್ಸ್ ಎಂಬ ಹೆಸರು ಕೇಳಿ ಕೂಡು ಕಳೆ ಎಂದುಕೊಳ್ಳಬೇಡಿ. ಮ್ಯಾಟ್ರಿಕ್ಸ್ ಇದೆ, ಲಿಮಿಟ್ಸ್ ಇದೆ, ಡಿಫರೆನ್ಷಿಯೇಷನ್, ಇಂಟಿಗ್ರೇಷನ್ ಎರಡೂ ಇವೆ. ಸೈನ್ಸ್ ಗಣಿತದಷ್ಟು ಆಳಕ್ಕೆ ಹೋಗುವುದಿಲ್ಲ ಅಷ್ಟೆ. ಜೊತೆಗೆ ಬಿಲ್ ಡಿಸ್ಕೌಂಟಿಂಗ್, ಷೇರು, ಲೀನಿಯರ್ ಪ್ರೋಗ್ರಾಮಿಂಗ್‌ನಂಥ ವ್ಯವಹಾರದ ಅಧ್ಯಾಯಗಳಿವೆ. ದಿನಕ್ಕೆ ಮುಕ್ಕಾಲು ಗಂಟೆ ತಪ್ಪದೆ ಕೊಟ್ಟರೆ ಸಾಧಾರಣ ಮಗುವೂ ಚೆನ್ನಾಗಿ ಮಾಡಬಹುದು. ಎಂಟು, ಒಂಬತ್ತನೇ ತರಗತಿಯಲ್ಲಿ ಗಣಿತ ಇಷ್ಟಪಟ್ಟು, ಹತ್ತರಲ್ಲಿ ಯಾಕೋ ಹೆದರಿದ ಮಕ್ಕಳಿಗೆ ಇದು ಮತ್ತೆ ಗಣಿತದ ಜೊತೆ ಸ್ನೇಹ ಮಾಡಿಸುತ್ತದೆ. ಅಂಥವರನ್ನು ಕಣ್ಣಾರೆ ನೋಡಿದ್ದೇನೆ.

ಸ್ಟಾಟಿಸ್ಟಿಕ್ಸ್ ಲೆಕ್ಕ ಮಾಡುವುದಕ್ಕಿಂತ ಅಂಕಿಅಂಶ ಓದುವ ವಿಷಯ. ಸೂಚ್ಯಂಕ, ಟೈಮ್ ಸೀರೀಸ್, ಸಂಭವನೀಯತೆಯ ಹಂಚಿಕೆ, ಗುಣಮಟ್ಟ ನಿಯಂತ್ರಣ ಇದರಲ್ಲಿವೆ. ತಾಳ್ಮೆಯಿಂದ ದೊಡ್ಡ ಕೋಷ್ಟಕ ಬರೆದು, ಕೂಡಿ, ತಾಳೆ ನೋಡುವ ಗುಣ ಇರುವವರಿಗೆ ಹೊಂದುತ್ತದೆ. ಬ್ಯಾಂಕ್, ಸರ್ಕಾರಿ ಪರೀಕ್ಷೆಗಳ ಕಡೆ ಮನಸ್ಸಿದ್ದರೆ ಒಳ್ಳೆಯದು. ಅಡಿಕೆ ಮಂಡಿಯ ಲೆಕ್ಕ ನೋಡಿಕೊಂಡು ಬೆಳೆದ ಮಕ್ಕಳಿಗೆ ಇದು ಬೇಗ ಹಿಡಿಯುತ್ತದೆ ಎಂಬುದು ನನ್ನ ಅನುಭವ.

ಒಂದು ಮಿತಿ ಸ್ಪಷ್ಟವಾಗಿ ಹೇಳಬೇಕು. ಬೇಸಿಕ್ ಮ್ಯಾಥ್ಸ್ ಓದಿ ಮುಂದೆ ಇಂಜಿನಿಯರಿಂಗ್‌ಗೆ ಹೋಗಲು ಬರುವುದಿಲ್ಲ, ಅಲ್ಲಿ ಫಿಸಿಕ್ಸ್ ಕೂಡ ಬೇಕು. ಬಿಸಿಎಗೆ ಹೋಗುವುದಾದರೆ ಆ ಕಾಲೇಜು ಯಾವ ವಿಷಯ ಕೇಳುತ್ತದೆ ಎಂದು ಈಗಲೇ ನೋಡಿ. ಸೇನಾ ಅಧಿಕಾರಿಯಾಗಲು ಎನ್‌ಡಿಎ ಪರೀಕ್ಷೆ ಬರೆಯುವ ಆಸೆ ಇದ್ದರೆ, ಅಲ್ಲಿ 900ರಲ್ಲಿ 300 ಅಂಕ ಗಣಿತಕ್ಕೆ. ಭೂಸೇನೆಗೆ ಯಾವ ವಿಭಾಗದವರೂ ಬರೆಯಬಹುದು, ವಾಯುಸೇನೆ ಮತ್ತು ನೌಕಾಸೇನೆಗೆ ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ ಮೂರೂ ಬೇಕು.

ಸಿಬಿಎಸ್‌ಇ ಮಕ್ಕಳಿಗೆ

ಗಾಜನೂರಿನ ನವೋದಯದಲ್ಲೋ, ಕೇಂದ್ರೀಯ ವಿದ್ಯಾಲಯದಲ್ಲೋ ಓದುವವರಿಗೆ 11ನೇ ತರಗತಿಯಲ್ಲಿ ಆಯ್ಕೆ ಬೇರೆ ರೀತಿ. ಸಿಬಿಎಸ್‌ಇಯಲ್ಲಿ ಗಣಿತ ಇದೆ, 2020-21ರಿಂದ ಅಪ್ಲೈಡ್ ಮ್ಯಾಥ್ಸ್ ಕೂಡ ಇದೆ. ಅಪ್ಲೈಡ್‌ನಲ್ಲಿ ಹಣಕಾಸು, ಅಂಕಿಅಂಶ ಜಾಸ್ತಿ. ಎರಡನ್ನೂ ಒಟ್ಟಿಗೆ ತಗೊಳ್ಳುವ ಹಾಗಿಲ್ಲ. ಇಂಜಿನಿಯರಿಂಗ್‌ನ ಸಣ್ಣ ಆಸೆ ಇದ್ದರೂ ಮೊದಲನೆಯದನ್ನೇ ಆರಿಸಿ. ಶಾಲೆಯಲ್ಲಿ ಎರಡೂ ಕಲಿಸುತ್ತಾರಾ ಎಂಬುದನ್ನೂ ಕೇಳಿ.

ಡಿಪ್ಲೊಮಾ: ಬೇರೆ ದಾರಿಯಿಂದ ಇಂಜಿನಿಯರಿಂಗ್

ಭದ್ರಾವತಿ, ಸಾಗರ, ಶಿವಮೊಗ್ಗದಲ್ಲಿ ಪಾಲಿಟೆಕ್ನಿಕ್‌ಗಳಿವೆ. ಎಸ್‌ಎಸ್‌ಎಲ್‌ಸಿ ಮುಗಿಸಿ ಮೂರು ವರ್ಷ ಡಿಪ್ಲೊಮಾ ಮಾಡಿ, ಡಿಪ್ಲೊಮಾದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು ನೇರವಾಗಿ ಇಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ಸೇರಬಹುದು. ಕೈಕೆಲಸ ಇಷ್ಟ ಇರುವ, ಮೋಟಾರ್ ಬಿಚ್ಚಿ ಜೋಡಿಸುವ ಹುಡುಗರಿಗೆ ಇದು ಒಳ್ಳೆಯ ದಾರಿ. ಬೇಗ ದುಡಿಮೆ ಬೇಕಾದ ಮನೆಗಳಿಗೂ ಇದು ಆಸರೆ. ಮೂರು ವರ್ಷಕ್ಕೆ ಕೈಯಲ್ಲಿ ಒಂದು ಸರ್ಟಿಫಿಕೇಟ್ ಇರುತ್ತದೆ.

ಆದರೆ "ಗಣಿತ ತಪ್ಪಿಸಿಕೊಳ್ಳಲು ಡಿಪ್ಲೊಮಾ" ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಡಿಪ್ಲೊಮಾದಲ್ಲಿ ಗಣಿತ ಕಡಿಮೆ ಸೆಮಿಸ್ಟರ್‌ಗಳಲ್ಲಿ ಬರುತ್ತದೆ, ನಿಜ. ಮುಂದೆ ಇಂಜಿನಿಯರಿಂಗ್‌ಗೆ ಹೋದಾಗ ಅದೇ ಕೊರತೆ ಎದುರು ಬರುತ್ತದೆ. ಡಿಪ್ಲೊಮಾದಿಂದ ಬಂದವರಿಗೆಂದೇ ವಿಟಿಯು (ರಾಜ್ಯದ ತಾಂತ್ರಿಕ ವಿಶ್ವವಿದ್ಯಾಲಯ) ಹೆಚ್ಚುವರಿ ಗಣಿತ ಇಟ್ಟಿದೆ. ಅಷ್ಟು ಹೊತ್ತಿಗೆ ಅಭ್ಯಾಸ ತಪ್ಪಿರುತ್ತದೆ. ಡಿಪ್ಲೊಮಾ ಸೇರಿದವರು ಪಿಯು ಗಣಿತದ ಪುಸ್ತಕವನ್ನು ಕಪಾಟಿನಲ್ಲಿ ಇಟ್ಟುಕೊಂಡು ವಾರಕ್ಕೆರಡು ಸಂಜೆ ತೆಗೆಯುವುದು ಒಳ್ಳೆಯದು.

ಊರಿನ ಕಾಲೇಜು, ಶಿವಮೊಗ್ಗ, ಘಟ್ಟದ ಕೆಳಗೆ

ನಮ್ಮ ಕಡೆ ಕಾಂಬಿನೇಷನ್‌ನಷ್ಟೇ ದೊಡ್ಡ ಪ್ರಶ್ನೆ ಇದು. ಕಾಲೇಜು ಶುರುವಾಗುವ ಹೊತ್ತಿಗೆ ಮಳೆ ಹಿಡಿಯುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆ ಜೂನ್, ಜುಲೈ, ಆಗಸ್ಟ್‌ನಲ್ಲಿ ರಜೆ ಘೋಷಣೆಯಾಗುವ ದಿನಗಳು ಎಷ್ಟೋ. ಮರ ಬಿದ್ದರೆ ಕರೆಂಟ್ ಇಲ್ಲ, ಕರೆಂಟ್ ಹೋದರೆ ನೆಟ್‌ವರ್ಕ್ ಇಲ್ಲ. ಮೊದಲ ಪಿಯುಸಿ ಗಣಿತದ ಬುನಾದಿ ಬೀಳುವುದು ಆ ಮೂರು ತಿಂಗಳಲ್ಲೇ. ಸೆಟ್ಸ್, ಫಂಕ್ಷನ್ಸ್, ಟ್ರಿಗ್ನಾಮೆಟ್ರಿ ಆಗ ನಡೆಯುತ್ತವೆ. ಇವು ತಪ್ಪಿದರೆ ಮುಂದಿನದು ಕಷ್ಟ.

ಊರಿನ ಕಾಲೇಜಿನ ಲಾಭ ಮನೆಯೂಟ, ಮನೆ ನಿದ್ದೆ, ಕಡಿಮೆ ಖರ್ಚು. ನಷ್ಟ ಬಸ್ಸಿನ ಹೊತ್ತು. ಬೆಳಗ್ಗೆ ಏಳಕ್ಕೆ ಹೊರಟು ಸಂಜೆ ಆರೂವರೆಗೆ ಮನೆ ಸೇರುವ ಮಗು ಸೈನ್ಸ್ ಗಣಿತಕ್ಕೆ ಯಾವಾಗ ಕೂರುತ್ತದೆ? ಅಂಥ ಮನೆಗಳಿಗೆ ನಾನು ಹೇಳುವುದು: ಬಸ್ಸಿನ ಹೊತ್ತು ದಿನಕ್ಕೆ ಮೂರು ಗಂಟೆ ದಾಟಿದರೆ ತಾಲ್ಲೂಕು ಕೇಂದ್ರದ ಹಾಸ್ಟೆಲ್ ನೋಡಿ. ಹಿಂದುಳಿದ ವರ್ಗಗಳ ಹಾಸ್ಟೆಲ್, ಸಮಾಜ ಕಲ್ಯಾಣ ಇಲಾಖೆಯ ಹಾಸ್ಟೆಲ್‌ಗಳಿಗೆ ಮೊದಲೇ ಅರ್ಜಿ ಹಾಕಿ.

ಹೆಣ್ಣುಮಕ್ಕಳ ವಿಷಯದಲ್ಲಿ ಇದನ್ನು ಒತ್ತಿ ಹೇಳುತ್ತೇನೆ. ಹೋಬಳಿ ಮಟ್ಟದ ಅನೇಕ ಪಿಯು ಕಾಲೇಜುಗಳಲ್ಲಿ ಸೈನ್ಸ್ ಇಲ್ಲ. ಹತ್ತಿರದಲ್ಲಿ ಆರ್ಟ್ಸ್ ಇದೆ ಎಂಬ ಒಂದೇ ಕಾರಣಕ್ಕೆ ಗಣಿತದಲ್ಲಿ ಮುಂದಿರುವ ಹುಡುಗಿಯರನ್ನು ಅಲ್ಲಿಗೆ ಸೇರಿಸುತ್ತಾರೆ. ಅಣ್ಣನಾಗಿದ್ದರೆ ಶಿವಮೊಗ್ಗಕ್ಕೆ ಕಳಿಸುತ್ತಿದ್ದರು, ಅಲ್ವಾ? ಶಕ್ತಿ ಯೋಜನೆಯಲ್ಲಿ ಸರ್ಕಾರಿ ಬಸ್ ಉಚಿತ. ನಮ್ಮ ಕೆಲವು ರೂಟ್‌ಗಳಲ್ಲಿ ಖಾಸಗಿ ಬಸ್ಸುಗಳೇ ಓಡುವುದರಿಂದ ಅದರ ಲಾಭ ಎಲ್ಲರಿಗೂ ಸಿಗುವುದಿಲ್ಲ. ಆದರೂ ಒಂದು ಹಾಸ್ಟೆಲ್ ಸೀಟು ಹುಡುಕಿ ಕೊಡಿ. ಆಸೆ ಇರುವ ಹುಡುಗಿಗೆ ಗಣಿತ ಬಿಡಿಸುವುದು ಅನ್ಯಾಯ.

ಹೊಸನಗರ ತಾಲ್ಲೂಕಿನ ನಗರ ಎಂಬ ಊರಿನ ಕಡೆಯ ಕನ್ನಡ ಮಾಧ್ಯಮದ ಸರ್ಕಾರಿ ಹೈಸ್ಕೂಲಿನಿಂದ ಬಂದ ಒಬ್ಬ ವಿದ್ಯಾರ್ಥಿನಿ ನೆನಪಾಗುತ್ತಾಳೆ. ಪಾಠ ಇಂಗ್ಲಿಷ್‌ನಲ್ಲಿ ನಡೆಯುವಾಗ ಮೊದಲ ತಿಂಗಳು ಬಾಯಿ ಬಿಡಲಿಲ್ಲ. ನೋಟ್‌ಬುಕ್ ತಿದ್ದುವಾಗ ನೋಡಿದೆ: ಎಡಗಡೆ ಪುಟದಲ್ಲಿ ನಾನು ಬೋರ್ಡ್‌ನಲ್ಲಿ ಬರೆದದ್ದು, ಬಲಗಡೆ ಪುಟದಲ್ಲಿ ಅದನ್ನೇ ತನ್ನ ಕನ್ನಡದಲ್ಲಿ ವಿವರಿಸಿ ಬರೆದಿದ್ದಳು. ಲಿಮಿಟ್‌ಗೆ "ಹತ್ತಿರ ಹತ್ತಿರ ಹೋಗುತ್ತೆ, ಮುಟ್ಟಬೇಕು ಅಂತೇನಿಲ್ಲ" ಎಂದು. ನಾನು ಮಾಡಿದ ಪಾಠಕ್ಕಿಂತ ಅದು ಚೆನ್ನಾಗಿತ್ತು. ಆಮೇಲೆ ಇಡೀ ತರಗತಿಗೆ ಹಾಗೆ ಬರೆಯಲು ಹೇಳಿದೆ. ಕನ್ನಡ ಮಾಧ್ಯಮ ಎಂದು ಸೈನ್ಸ್ ಬಿಡಬೇಡಿ. ತೊಡಕು ಇರುವುದು ಮೊದಲ ಕೆಲವು ತಿಂಗಳು, ಚಿಹ್ನೆ ಮತ್ತು ಲೆಕ್ಕ ಎಲ್ಲ ಭಾಷೆಗೂ ಒಂದೇ.

ಘಟ್ಟದ ಕೆಳಗೆ ಮೂಡುಬಿದಿರೆ, ಕಾರ್ಕಳ, ಮಂಗಳೂರಿನ ವಸತಿ ಕಾಲೇಜುಗಳಿಗೆ ಕಳಿಸುವುದು ಈಗ ಸಾಮಾನ್ಯ. ಬೆಳಗಿನಿಂದ ರಾತ್ರಿವರೆಗೆ ವೇಳಾಪಟ್ಟಿ, ಪಿಯು ಜೊತೆಗೇ ಸಿಇಟಿ, ನೀಟ್, ಜೆಇಇ ತರಬೇತಿ, ವಾರವಾರ ಟೆಸ್ಟ್. ಶಿಸ್ತು ಹೊರಗಿನಿಂದ ಬೇಕಾದ ಮಗುವಿಗೆ ಒಳ್ಳೆಯದಾಗುತ್ತದೆ. ತಾನೇ ಯೋಚಿಸಿ, ಒಂದು ಲೆಕ್ಕದ ಮೇಲೆ ಅರ್ಧ ಗಂಟೆ ಕೂರುವ ಮಗುವಿಗೆ ಅಲ್ಲಿ ಉಸಿರು ಕಟ್ಟಬಹುದು. ಹಣದ ವಿಷಯವೂ ಇದೆ. ಅಡಿಕೆ ರೇಟು ಚೆನ್ನಾಗಿರುವ ವರ್ಷ ಸೇರಿಸಿ, ಕೊಳೆರೋಗದಲ್ಲಿ ಫಸಲು ಹೋದ ವರ್ಷ ಎರಡನೇ ಕಂತಿಗೆ ಸಾಲ ಮಾಡಿದ ಮನೆಗಳು ನಮ್ಮ ಸುತ್ತ ಇವೆ. ಎರಡು ವರ್ಷದ ಪೂರ್ತಿ ಖರ್ಚು ಬರೆಸಿಕೊಂಡು ನಿರ್ಧರಿಸಿ.

ಎಲ್ಲಿಗೇ ಸೇರಿಸಿ, ಕಟ್ಟಡ ನೋಡುವ ಮೊದಲು ಒಂದು ಮಾತು ಕೇಳಿ: ಗಣಿತಕ್ಕೆ ಯಾರಿದ್ದಾರೆ? ಕಾಯಂ ಉಪನ್ಯಾಸಕರಾ, ಅತಿಥಿ ಉಪನ್ಯಾಸಕರಾ? ಅತಿಥಿಗಳಲ್ಲಿ ಬಹಳ ಒಳ್ಳೆಯ ಮೇಷ್ಟ್ರುಗಳಿದ್ದಾರೆ. ಆದರೆ ಅವರ ನೇಮಕ ತಡವಾದರೆ ಮಳೆಗಾಲದ ಪಾಠ ಹೋಗುತ್ತದೆ. ಆಮೇಲೆ ಎರಡನೇ ವರ್ಷದ ಒಬ್ಬ ವಿದ್ಯಾರ್ಥಿಯ ಗಣಿತ ನೋಟ್‌ಬುಕ್ ತೋರಿಸಲು ಹೇಳಿ. ಅದರಲ್ಲಿ ಕೆಂಪು ಇಂಕಿನ ಗುರುತು, ತಿದ್ದುಪಡಿ ಕಾಣಿಸಿದರೆ ಅಲ್ಲಿ ಪಾಠ ನಡೆಯುತ್ತಿದೆ. ಮುದ್ರಿತ ನೋಟ್ಸ್ ಮಾತ್ರ ಇದ್ದರೆ ಇನ್ನೆರಡು ಕಾಲೇಜು ನೋಡಿ. ಹತ್ತಿರದಲ್ಲಿ ಒಳ್ಳೆಯ ಗಣಿತ ಮೇಷ್ಟ್ರು ಇದ್ದರೆ, ದೂರದ ದೊಡ್ಡ ಹೆಸರಿಗಿಂತ ನಾನು ಅದನ್ನೇ ಆರಿಸುತ್ತೇನೆ.

ಗಣಿತವನ್ನೇ ಪ್ರೀತಿಸುವ ಮಗು ಇದ್ದರೆ

ಇಂಥವರು ಕಡಿಮೆ, ಆದರೆ ನಮ್ಮ ಹಳ್ಳಿಗಳಲ್ಲಿ ಇದ್ದಾರೆ. ಅವರಿಗೆ ಇಂಜಿನಿಯರಿಂಗ್ ಒಂದೇ ದಾರಿ ಎಂದು ಹೇಳಿಕೊಟ್ಟು ಬಿಡುತ್ತೇವೆ. ಬೆಂಗಳೂರಿನ ಇಂಡಿಯನ್ ಸ್ಟಾಟಿಸ್ಟಿಕಲ್ ಇನ್‌ಸ್ಟಿಟ್ಯೂಟ್‌ನಲ್ಲಿ ಮೂರು ವರ್ಷದ ಬಿ.ಮ್ಯಾಥ್ ಪದವಿ ಇದೆ. ಅದಕ್ಕೆ ಅದರದ್ದೇ ಪ್ರವೇಶ ಪರೀಕ್ಷೆ, ಓದುವಾಗ ಸ್ಟೈಪೆಂಡ್ ಕೂಡ ಸಿಗುತ್ತದೆ. ಚೆನ್ನೈ ಮ್ಯಾಥಮೆಟಿಕಲ್ ಇನ್‌ಸ್ಟಿಟ್ಯೂಟ್ ಇದೆ. ವಿಜ್ಞಾನ ಶಿಕ್ಷಣ, ಸಂಶೋಧನೆಗೆಂದೇ ಇರುವ ಐಸರ್‌ ಸಂಸ್ಥೆಗಳಿವೆ. ಮೇಷ್ಟ್ರಾಗುವ ಆಸೆ ಇದ್ದರೆ ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲಿ ಪದವಿ ಮತ್ತು ಬಿ.ಎಡ್ ಒಟ್ಟಿಗೆ ನಾಲ್ಕು ವರ್ಷದಲ್ಲಿ ಮುಗಿಯುತ್ತದೆ. ಮನೆಯ ಹತ್ತಿರವೇ ಬೇಕೆಂದರೆ ಶಿವಮೊಗ್ಗದ ಸಹ್ಯಾದ್ರಿ ವಿಜ್ಞಾನ ಕಾಲೇಜಿನಲ್ಲಿ ಬಿಎಸ್ಸಿ, ಮುಂದೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಎಂಎಸ್ಸಿ. ಈ ದಾರಿಯಲ್ಲಿ ಹೋಗಿ ಉಪನ್ಯಾಸಕರಾದವರು ನಮ್ಮ ಜಿಲ್ಲೆಯಲ್ಲಿ ಬಹಳ ಜನ ಇದ್ದಾರೆ. ಅಂಥ ಮಗುವಿಗೆ ಪಿಸಿಎಂಸಿ ಅಥವಾ ಪಿಸಿಎಂಎಸ್ ಹಾಕಿ, ಬಯಾಲಜಿಯ ಹೊತ್ತನ್ನು ಗಣಿತಕ್ಕೆ ಬಿಟ್ಟುಕೊಡಿ.

ಸೇರುವ ಮೊದಲು ಒಂದು ವಾರ

ಇಷ್ಟಾದರೂ ನಿರ್ಧಾರ ಆಗಲಿಲ್ಲ ಎನ್ನುವವರಿಗೆ ಒಂದು ಕೆಲಸ. ಪರಿಚಯದ ಹಿರಿಯ ವಿದ್ಯಾರ್ಥಿಯಿಂದ ಮೊದಲ ಪಿಯುಸಿ ಗಣಿತ ಪುಸ್ತಕ ತನ್ನಿ. ಎನ್‌ಸಿಇಆರ್‌ಟಿ ವೆಬ್‌ಸೈಟ್‌ನಲ್ಲಿ ಪುಕ್ಕಟೆ ಕೂಡ ಸಿಗುತ್ತದೆ. ಸರಳರೇಖೆಯ ಅಧ್ಯಾಯ ತೆಗೆಯಿರಿ. ಹತ್ತನೇ ತರಗತಿಯ ನಿರ್ದೇಶಾಂಕ ರೇಖಾ ಗಣಿತದಿಂದಲೇ ಅದು ಮುಂದುವರಿಯುತ್ತದೆ, ಹಾಗಾಗಿ ಮೇಷ್ಟ್ರು ಇಲ್ಲದೆಯೂ ಸ್ವಲ್ಪ ದೂರ ಹೋಗಬಹುದು. ಒಂದು ವಾರ, ದಿನಕ್ಕೊಂದು ಗಂಟೆ ಮಗು ತಾನೇ ಓದಲಿ. ಟ್ಯೂಷನ್ ಬೇಡ, ವಿಡಿಯೋ ಬೇಡ.

ಉತ್ತರ ಎಷ್ಟು ಸರಿ ಬಂತು ಎಂದು ಎಣಿಸಬೇಡಿ. ಬಾರದ ಲೆಕ್ಕವನ್ನು ಮರುದಿನ ಮತ್ತೆ ತೆಗೆದು ನೋಡಿತಾ ಎಂದು ಗಮನಿಸಿ. ಹಾಗೆ ತೆಗೆದರೆ ಸೈನ್ಸ್ ಗಣಿತ ಧೈರ್ಯವಾಗಿ ಹಾಕಿ, ಹತ್ತರಲ್ಲಿ ಎಪ್ಪತ್ತೇ ಬಂದಿದ್ದರೂ ಸರಿ. ಪುಸ್ತಕ ಮುಚ್ಚಿಟ್ಟು ನಾಲ್ಕು ದಿನ ಮುಟ್ಟದಿದ್ದರೆ ಬೇಸಿಕ್ ಮ್ಯಾಥ್ಸ್ ಅಥವಾ ಸ್ಟಾಟಿಸ್ಟಿಕ್ಸ್ ಬಗ್ಗೆ ಮನೆಯಲ್ಲಿ ಕೂತು ಮಾತಾಡಿ. ತೊಂಬತ್ತೈದು ಬಂದಿದ್ದರೂ ಮಾತಾಡಿ.

ಸೇರಿದ ಮೇಲೆ ತಪ್ಪಾಯಿತು ಅನ್ನಿಸಿದರೆ ಡಿಸೆಂಬರ್‌ವರೆಗೆ ಕಾಯಬೇಡಿ. ಮೊದಲ ಕೆಲವು ವಾರಗಳಲ್ಲಿ ಕಾಂಬಿನೇಷನ್ ಬದಲಿಸಲು ಅವಕಾಶ ಇರುತ್ತದೆ. ಕಡೆಯ ದಿನಾಂಕ ಯಾವುದು ಎಂದು ಸೇರುವ ದಿನವೇ ಪ್ರಿನ್ಸಿಪಾಲರ ಹತ್ತಿರ ಕೇಳಿ ಬರೆದಿಟ್ಟುಕೊಳ್ಳಿ. ಮೊದಲ ಟೆಸ್ಟ್‌ನ ಉತ್ತರ ಪತ್ರಿಕೆ ಕೈಗೆ ಬಂದ ಸಂಜೆ ಮಗುವಿನ ಜೊತೆ ಕೂತು, ಗಣಿತ ಹೇಳಿಕೊಡುವವರನ್ನೂ ಒಮ್ಮೆ ಕಂಡು ಮಾತಾಡಿ. ಆ ದಿನಾಂಕದೊಳಗೆ ತೀರ್ಮಾನ ಮಾಡಿ.